ಹತ್ತಾಳಿನ ಕೆಲಸ ಒಬ್ಬನೇ ಮಾಡಿದರೆ ಉಳಿದ ಒಂಬತ್ತು ಮಂದಿಯ ಗತಿ ಏನು?

ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ಯಾರನ್ನಾದರೂ ಕೇಳಿ ನೋಡಿ. ಅವರ ತಂಡದಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆ. ಈಗ ಇಲ್ಲದಿದ್ದರೆ ಹಿಂದಿನ ಕಂಪನಿಯಲ್ಲಿ ಇದ್ದರು. ಬೇರೆಯವರಿಗೆ ಒಂದು ವಾರ ಹಿಡಿಯುವ ಕೆಲಸವನ್ನು ಒಂದೇ ರಾತ್ರಿಯಲ್ಲಿ ಮುಗಿಸಬಲ್ಲವರು. ಕ್ಲೈಂಟ್ ಸಿಟ್ಟಾದಾಗ ಮ್ಯಾನೇಜರ್ ಮೊದಲು ಕರೆ ಮಾಡುವುದು ಅವರಿಗೇ. ಸಭೆಯಲ್ಲಿ ಮೊದಲ ಮಾತೂ ಅವರದೇ, ಕೊನೆಯ ಮಾತೂ ಅವರದೇ. ಅವರ ಕೋಡ್‌ನಲ್ಲಿ ತಪ್ಪು ತೋರಿಸುವ ಧೈರ್ಯ ಯಾರಿಗೂ ಇಲ್ಲ. ಬೇರೆಯವರು ಬರೆದದ್ದು ಹಿಡಿಸದಿದ್ದರೆ ಮಾತ್ರ, ಬರೆದವರಿಗೆ ಒಂದು ಮಾತೂ ಹೇಳದೆ ಅದನ್ನು ಆಮೂಲಾಗ್ರ ಬದಲಿಸಿಬಿಡುತ್ತಾರೆ. ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಸಂದೇಹ ಕೇಳಿದರೆ ‘ಇಷ್ಟೂ ಗೊತ್ತಿಲ್ಲವೇ?’ ಎಂಬ ಮರುಪ್ರಶ್ನೆ ಎದುರಾಗುತ್ತದೆ.

ಮ್ಯಾನೇಜರ್ ಪಾಲಿಗೆ ಇಂಥ ವ್ಯಕ್ತಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಗದರಿದರೆ ರಾಜೀನಾಮೆ ಪತ್ರ ಬರಬಹುದೆಂಬ ಭಯ. ಸುಮ್ಮನಿದ್ದರೆ ತಂಡದ ಉಳಿದವರು ಒಬ್ಬೊಬ್ಬರಾಗಿ ಬೇರೆ ಪ್ರಾಜೆಕ್ಟ್ ಕೇಳಿಕೊಂಡು ಹೋಗುತ್ತಾರೆ. ‘ಹಾಲು ಕೊಡುವ ಹಸು ಒದೆಯುತ್ತದೆ, ಏನು ಮಾಡಲಾದೀತು’ ಎಂಬ ಸಮಾಧಾನದಲ್ಲಿಯೇ ವರ್ಷಗಳು ಉರುಳುತ್ತವೆ. ಒದೆ ತಿನ್ನುತ್ತಿರುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇದನ್ನು ಸ್ವಭಾವದ ಸಮಸ್ಯೆ ಎಂದು ಬಗೆದು ಬುದ್ಧಿವಾದ ಹೇಳುವುದು ವಾಡಿಕೆ. ಆದರೆ ತಂಡದ ಕೆಲಸ ಯಾವ ದಾರಿಯಲ್ಲಿ ಹರಿಯುತ್ತದೆ, ಯಾವ ನಿಯಮ ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ಸರಿಪಡಿಸದೆ ಕೇವಲ ಸ್ವಭಾವ ತಿದ್ದಹೊರಟವರು ಗೆದ್ದದ್ದು ಕಡಿಮೆ. ಇದಕ್ಕೆ ಅತ್ಯುತ್ತಮ ಉದಾಹರಣೆ ಯಾವುದೋ ಖಾಸಗಿ ಕಂಪನಿಯ ಮುಚ್ಚಿದ ಬಾಗಿಲ ಹಿಂದಿಲ್ಲ. ಜಗತ್ತೇ ಓದಬಹುದಾದ ಇ-ಮೇಲ್‌ಗಳಲ್ಲಿ ಅದು ದಾಖಲಾಗಿದೆ.

ಲಿನಕ್ಸ್: ತೆರೆದಿಟ್ಟ ಜಗಳ

ಫಿನ್ಲೆಂಡ್‌ನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್ ಇಂದು ಎಲ್ಲೆಲ್ಲಿಯೂ ಇದೆ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲ್‌ನ ಒಡಲಲ್ಲಿರುವುದು ಅದೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದೀಚೆಗೆ ಲಿನಕ್ಸ್ ಹೊರತು ಬೇರಾವುದಕ್ಕೂ ಜಾಗವಿಲ್ಲ. ಸುಮಾರು ಒಂಬತ್ತು-ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬರುತ್ತದೆ. ಪ್ರತಿಯೊಂದು ಆವೃತ್ತಿಯಲ್ಲಿಯೂ ಹತ್ತು ಸಾವಿರಕ್ಕೂ ಮಿಕ್ಕಿದ ಬದಲಾವಣೆಗಳಿರುತ್ತವೆ, ಅವುಗಳ ಹಿಂದೆ ದೇಶದೇಶಗಳ ಸಾವಿರಕ್ಕೂ ಹೆಚ್ಚು ಎಂಜಿನಿಯರ್‌ಗಳ ದುಡಿಮೆ ಇರುತ್ತದೆ. ಯಾವುದು ಒಳಗೆ ಹೋಗಬೇಕು, ಯಾವುದು ಬೇಡ ಎಂಬ ಅಂತಿಮ ತೀರ್ಮಾನ ಟೊರ್ವಾಲ್ಡ್ಸ್ ಅವರದು.

ಅವರ ನಾಲಿಗೆಯ ಖ್ಯಾತಿಯೂ ಕೋಡ್‌ನ ಖ್ಯಾತಿಯಷ್ಟೇ ದೊಡ್ಡದಿತ್ತು. 2012ರ ಡಿಸೆಂಬರ್‌ನಲ್ಲಿ ನಡೆದ ಒಂದು ಪ್ರಕರಣವನ್ನು ನೋಡಿ. ಕರ್ನಲ್‌ನಲ್ಲಿ ಆದ ಒಂದು ಬದಲಾವಣೆಯಿಂದ ಬಳಕೆದಾರರ ಕೆಲವು ಪ್ರೋಗ್ರಾಮ್‌ಗಳು ಕೆಟ್ಟವು. ಆ ವಿಭಾಗದ ಹೊಣೆ ಹೊತ್ತಿದ್ದ ಹಿರಿಯ ಎಂಜಿನಿಯರ್, ತಪ್ಪು ಆ ಪ್ರೋಗ್ರಾಮ್‌ಗಳದ್ದೇ ಇರಬೇಕು ಎಂಬ ಅಭಿಪ್ರಾಯ ಸೂಚಿಸಿದರು. ಟೊರ್ವಾಲ್ಡ್ಸ್ ಕೆರಳಿ ಕೆಂಡವಾದರು. ಎಲ್ಲರೂ ಓದುವಂತೆ, ದೊಡ್ಡಕ್ಷರಗಳಲ್ಲಿ ಬಾಯಿ ಮುಚ್ಚುವಂತೆ ಬರೆದು ಬೈಗುಳದ ಸುರಿಮಳೆಗರೆದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಾಂತ್ರಿಕವಾಗಿ ಅವರ ಮಾತು ನೂರಕ್ಕೆ ನೂರು ಸರಿ. ಕರ್ನಲ್ ಬದಲಾದರೂ ಜನ ಬಳಸುತ್ತಿರುವ ಪ್ರೋಗ್ರಾಮ್ ಕೆಡಕೂಡದು ಎಂಬುದು ಲಿನಕ್ಸ್‌ನ ಮೊದಲ ನಿಯಮ. ಅದರ ಮೇಲಿನ ನಂಬಿಕೆಯಿಂದಲೇ ಲಿನಕ್ಸ್ ಇಷ್ಟು ಬೆಳೆದದ್ದು. ಇಂಥ ವ್ಯಕ್ತಿಗಳನ್ನು ನಿಭಾಯಿಸುವುದು ಕಷ್ಟವಾಗುವುದು ಈ ಕಾರಣಕ್ಕಾಗಿಯೇ. ಅವರು ತಪ್ಪು ಹೇಳುತ್ತಿದ್ದರೆ ತಿದ್ದುವುದು ಸುಲಭವಿತ್ತು. ಬಹುತೇಕ ಸಲ ಅವರು ಹೇಳುವುದು ಸರಿಯಾಗಿಯೇ ಇರುತ್ತದೆ. ಹೇಳಿದ ರೀತಿಯನ್ನು ಆಕ್ಷೇಪಿಸಿದವರು ಸರಿಯಾದ ವಿಷಯವನ್ನೇ ವಿರೋಧಿಸುತ್ತಿರುವಂತೆ ಕಾಣಿಸುತ್ತಾರೆ, ವಾದದಲ್ಲಿ ಸೋಲುತ್ತಾರೆ.

ಆದರೂ ಒಬ್ಬರು ಬೆಕ್ಕಿಗೆ ಗಂಟೆ ಕಟ್ಟಲು ಹೊರಟರು. ಲಿನಕ್ಸ್‌ನಲ್ಲಿ ಯುಎಸ್‌ಬಿ 3.0 ಭಾಗದ ಹೊಣೆ ಹೊತ್ತಿದ್ದ ಸೇಜ್ ಶಾರ್ಪ್ 2013ರ ಜುಲೈನಲ್ಲಿ, ಬೈಗುಳವಿಲ್ಲದೆಯೂ ಕೋಡ್ ತಿರಸ್ಕರಿಸಬಹುದೆಂದು ಬಹಿರಂಗವಾಗಿಯೇ ಟೊರ್ವಾಲ್ಡ್ಸ್‌ಗೆ ಬರೆದರು. ದೀರ್ಘ ವಾಗ್ವಾದ ನಡೆಯಿತು. ಸಭ್ಯತೆಯ ನಾಟಕ ತಮ್ಮಿಂದಾಗದು ಎಂಬುದು ಟೊರ್ವಾಲ್ಡ್ಸ್ ಉತ್ತರದ ಸಾರಾಂಶ. 2015ರ ಅಕ್ಟೋಬರ್‌ನಲ್ಲಿ ಶಾರ್ಪ್ ತಾವು ಕರ್ನಲ್ ಕೆಲಸದಿಂದ ಹೊರನಡೆದಿರುವುದನ್ನು ಪ್ರಕಟಿಸಿದರು. ಅದಕ್ಕೂ ಕೆಲವು ತಿಂಗಳ ಮುಂಚೆ, ಅದೇ ವರ್ಷದ ಮಾರ್ಚ್‌ನಲ್ಲಿ, ಕರ್ನಲ್ ಸಮುದಾಯ ಒಂದು ಪುಟ್ಟ ನಿಯಮಾವಳಿಯನ್ನು ಅಳವಡಿಸಿಕೊಂಡಿತ್ತು. ನಿಮ್ಮ ಕೋಡ್ ಕಟುವಿಮರ್ಶೆಗೆ ಒಳಗಾಗುತ್ತದೆ, ಸಿದ್ಧರಿರಿ. ವೈಯಕ್ತಿಕ ನಿಂದನೆಯಾದರೆ ದೂರು ಕೊಡಿ ಎಂಬುದಷ್ಟೇ ಅದರ ತಿರುಳು. ಮಾತಾಡಿದವರು ಹೊರಗೆ ಹೋದರು, ನಿಯಮಾವಳಿ ಕಡತದಲ್ಲಿ ಉಳಿಯಿತು.

ಆ ಐದು ವಾರಗಳು

2018ರ ಸೆಪ್ಟೆಂಬರ್ 16ರಂದು ಟೊರ್ವಾಲ್ಡ್ಸ್ ಅವರಿಂದ ಯಾರೂ ನಿರೀಕ್ಷಿಸದ ಪತ್ರವೊಂದು ಬಂತು. ಎಂದಿನಂತೆ 4.19ನೇ ಆವೃತ್ತಿಯ ಪ್ರಗತಿ ವಿವರದಿಂದ ಶುರುವಾದ ಆ ಪತ್ರ ಕ್ಷಮಾಪಣೆಯಾಗಿ ತಿರುಗಿತು. ವರ್ಷಗಳ ಕಾಲ ತಾವು ಜನರ ಭಾವನೆಗಳನ್ನು ಅರಿಯಲಿಲ್ಲವೆಂದೂ, ತಮ್ಮ ಇ-ಮೇಲ್‌ಗಳ ದಾಳಿ ವೃತ್ತಿಗೆ ತಕ್ಕುದಲ್ಲವೆಂದೂ, ಕೆಲವರು ಅದರಿಂದಲೇ ಕೆಲಸ ಬಿಟ್ಟಿರಬಹುದೆಂದೂ ಅವರು ಒಪ್ಪಿಕೊಂಡಿದ್ದರು. ಕೆಲಕಾಲ ಬಿಡುವು ಪಡೆದು ನೆರವು ಪಡೆಯುವುದಾಗಿ ತಿಳಿಸಿದ್ದರು. ಅದೇ ಹೊತ್ತಿಗೆ ಹಳೆಯ ನಿಯಮಾವಳಿಯ ಸ್ಥಾನದಲ್ಲಿ ಹೊಸ ನಡಾವಳಿ ಸಂಹಿತೆ ಜಾರಿಗೆ ಬಂತು.

ಪತ್ರ ದೊಡ್ಡ ಸುದ್ದಿಯಾಯಿತು. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಅದರ ನಂತರದ್ದು. ಅದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಟೊರ್ವಾಲ್ಡ್ಸ್ ಇಲ್ಲದೆ ಲಿನಕ್ಸ್ ನಿಲ್ಲಲಿಲ್ಲ. ಇನ್ನೊಬ್ಬ ಹಿರಿಯ ನಿರ್ವಾಹಕ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಉಳಿದ ಕೆಲಸವನ್ನು ಕೈಗೆತ್ತಿಕೊಂಡು 2018ರ ಅಕ್ಟೋಬರ್ 22ರಂದು 4.19ನೇ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಅಂದೇ ಟೊರ್ವಾಲ್ಡ್ಸ್‌ಗೆ ಹೊಣೆಯನ್ನು ಹಿಂದಿರುಗಿಸಿದರು. ತಾವು ಕಳುಹಿಸುವ ಇ-ಮೇಲ್‌ನಲ್ಲಿ ಬೈಗುಳವಿದ್ದರೆ ತಡೆಹಿಡಿಯುವ ವ್ಯವಸ್ಥೆಯೊಂದನ್ನು ಅಳವಡಿಸಿಕೊಂಡಿರುವುದಾಗಿ ಟೊರ್ವಾಲ್ಡ್ಸ್ ಬಿಬಿಸಿಗೆ ಹೇಳಿದ್ದರು. ಸ್ವಭಾವಕ್ಕೆ ಕಾಯದೆ ಪ್ರೋಗ್ರಾಮ್ ಬರೆದುಕೊಂಡ ಈ ಉಪಾಯ ಎಂಜಿನಿಯರ್‌ಗೆ ಒಪ್ಪುವಂಥದೇ.

ಐದು ವಾರಗಳ ಈ ಗೈರುಹಾಜರಿ ಹೇಗೆ ಸಾಧ್ಯವಾಯಿತು? ಲಿನಕ್ಸ್‌ನ ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ನಿರ್ವಾಹಕರಿದ್ದರು. ಏನು, ಯಾವಾಗ, ಯಾರ ಮೂಲಕ ಎಂಬ ಕ್ರಮ ಎಲ್ಲರಿಗೂ ತಿಳಿದಿತ್ತು. ಚರ್ಚೆಗಳೆಲ್ಲ ಬರಹದಲ್ಲಿದ್ದವು. ಕೋಡ್‌ನ ಇತಿಹಾಸ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲಿಯೂ ಇತ್ತು. ಈ ಕೊನೆಯ ಅನುಕೂಲ ಒದಗಿಸಿದ ‘ಗಿಟ್’ ಸಾಧನವನ್ನು 2005ರ ಏಪ್ರಿಲ್‌ನಲ್ಲಿ ಬರೆಯಲಾರಂಭಿಸಿದವರು ಟೊರ್ವಾಲ್ಡ್ಸ್ ಅವರೇ. ಅದೇ ವರ್ಷದ ಜುಲೈನಲ್ಲಿ ಅವರು ಅದರ ಹೊಣೆಯನ್ನು ಜುನಿಯೋ ಹಮಾನೋ ಎಂಬುವವರಿಗೆ ಒಪ್ಪಿಸಿ ಕೈತೊಳೆದುಕೊಂಡರು. ಇಂದು ಸಾಫ್ಟ್‌ವೇರ್ ಜಗತ್ತು ಗಿಟ್ ಇಲ್ಲದೆ ಉಸಿರಾಡದು. ಬಿಟ್ಟುಕೊಡುವುದು ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಲೆಕ್ಕದಲ್ಲಿ ಬರುವುದು, ಬಾರದಿರುವುದು

‘ಒಬ್ಬ ಹತ್ತು ಮಂದಿಗೆ ಸಮ’ ಎಂಬ ಮಾತಿನ ಮೂಲವನ್ನೂ ತುಸು ನೋಡಬೇಕು. 1968ರಲ್ಲಿ ಸ್ಯಾಕ್‌ಮನ್, ಎರಿಕ್ಸನ್ ಮತ್ತು ಗ್ರಾಂಟ್ ಎಂಬ ಸಂಶೋಧಕರು ಅಮೆರಿಕದಲ್ಲಿ 12 ಮಂದಿ ಅನುಭವಿ ಪ್ರೋಗ್ರಾಮರ್‌ಗಳ ಮೇಲೆ ಪ್ರಯೋಗ ನಡೆಸಿದರು. ತಪ್ಪು ಹುಡುಕಿ ಸರಿಪಡಿಸುವ ವೇಗದಲ್ಲಿ ಅತ್ಯುತ್ತಮ ಮತ್ತು ಅತಿ ಕಳಪೆ ವ್ಯಕ್ತಿಗಳ ನಡುವೆ 28 ಪಟ್ಟು ಅಂತರ ಕಂಡುಬಂತು. ಅವರು ಅಳೆಯಲು ಹೊರಟದ್ದು ಬೇರೆಯದೇ ಆಗಿತ್ತು ಎಂಬುದು ತಮಾಷೆ. ಕಂಪ್ಯೂಟರ್ ಮುಂದೆ ಕುಳಿತು ಕೆಲಸ ಮಾಡುವುದು ಮೇಲೋ, ದೂರದಿಂದ ಮಾಡಿಸುವುದು ಮೇಲೋ ಎಂಬ ಪ್ರಶ್ನೆ ಅವರದು. ಎಲ್ಲರೂ ಒಂದೇ ಪ್ರೋಗ್ರಾಮಿಂಗ್ ಭಾಷೆ ಬಳಸಿರಲಿಲ್ಲ ಎಂಬಿತ್ಯಾದಿ ಆಕ್ಷೇಪಗಳು ನಂತರ ಬಂದವು. ಅಂತರವಿರುವುದು ನಿಜ. ಆದರೆ ಅದು ಒಬ್ಬೊಬ್ಬರನ್ನೇ ಕೂರಿಸಿ ಅಳೆದ ಅಂತರ. ಒಬ್ಬರು ತಂಡದಲ್ಲಿ ಕುಳಿತಾಗ ಪಕ್ಕದವರ ಕೆಲಸ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದು ಅದರಲ್ಲಿ ಇಲ್ಲ.

ಆ ಲೆಕ್ಕ ಹಿಡಿಯಲು ಯತ್ನಿಸಿದ ಅಧ್ಯಯನವೊಂದು 2015ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಿಂದ ಪ್ರಕಟವಾಯಿತು. ಮೈಕೆಲ್ ಹೌಸ್‌ಮನ್ ಮತ್ತು ಡಿಲನ್ ಮೈನರ್ 11 ಕಂಪನಿಗಳ 50,000ಕ್ಕೂ ಹೆಚ್ಚು ನೌಕರರ ಮಾಹಿತಿ ಜಾಲಾಡಿದರು. ಉತ್ಪಾದಕತೆಯಲ್ಲಿ ಮೇಲಿನ ಶೇ 1ರ ಸಾಲಿಗೆ ಸೇರುವ ನೌಕರ ಕಂಪನಿಗೆ ಉಳಿಸಿಕೊಡುವುದು ಸುಮಾರು 5,300 ಡಾಲರ್. ದುರ್ವರ್ತನೆಗಾಗಿ ವಜಾಗೊಳ್ಳುವಂಥ ಒಬ್ಬರನ್ನು ಸೇರಿಸಿಕೊಳ್ಳದಿದ್ದರೆ ಉಳಿಯುವುದು ಸುಮಾರು 12,500 ಡಾಲರ್. ಇನ್ನೂ ಮುಖ್ಯವಾಗಿ, ಅಂಥವರು ಕೆಲಸದ ಪ್ರಮಾಣದಲ್ಲಿ ಸಾಮಾನ್ಯ ನೌಕರರಿಗಿಂತ ಮುಂದಿದ್ದರು. ಅವರು ಬಹುಕಾಲ ಉಳಿದುಕೊಳ್ಳುವ ಗುಟ್ಟು ಅದೇ ಇದ್ದೀತು. ಈ ನೌಕರರು ಸಾಫ್ಟ್‌ವೇರ್ ಎಂಜಿನಿಯರ್‌ಗಳಲ್ಲ, ಸೇವಾ ವಲಯದವರು. ಹಾಗಾಗಿ ಡಾಲರ್ ಲೆಕ್ಕವನ್ನು ನಮ್ಮ ತಂಡಗಳಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಲೆಕ್ಕದ ದಿಕ್ಕು ಯೋಚನೆಗೆ ಹಚ್ಚುತ್ತದೆ.

ಬೆಂಗಳೂರಿನ ಪರಿಸ್ಥಿತಿ

ನಮ್ಮಲ್ಲಿ ಈ ತೊಡಕಿಗೆ ಇನ್ನೆರಡು ಗಂಟುಗಳಿವೆ. ಮೊದಲನೆಯದು, ಅಪ್ರೈಸಲ್ ಪದ್ಧತಿ. ತಂಡದಲ್ಲಿ ಇಷ್ಟು ಮಂದಿ ಉತ್ತಮರು, ಇಷ್ಟು ಮಂದಿ ಕಳಪೆ ಎಂದು ಮೊದಲೇ ಪಾಲು ಹಂಚಿಡುವ ‘ಬೆಲ್ ಕರ್ವ್’ ಕ್ರಮವನ್ನು ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಆ ಬಳಿಕ ಇಲ್ಲಿನ ಕೆಲವು ಕಂಪನಿಗಳೂ ಬಿಟ್ಟವು. ಆದರೆ ಪಕ್ಕದವನಿಗೆ ಕಲಿಸಿದರೆ ತನ್ನ ಸ್ಥಾನಕ್ಕೆ ಕುತ್ತು ಎಂಬ ಲೆಕ್ಕಾಚಾರ ಕಾಗದದಿಂದ ಹೋದಷ್ಟು ಬೇಗ ಮನಸ್ಸಿನಿಂದ ಹೋಗುವುದಿಲ್ಲ. ಒಬ್ಬನೇ ಎಲ್ಲವನ್ನೂ ಹಿಡಿದಿಟ್ಟುಕೊಂಡರೆ ಅದಕ್ಕೆ ಅಹಂಕಾರವೇ ಕಾರಣವಾಗಬೇಕಿಲ್ಲ, ಉದ್ಯೋಗದ ಅಭದ್ರತೆಯೂ ಇರಬಹುದು.

ಎರಡನೆಯದು, ನೋಟಿಸ್ ಅವಧಿ. ಮೂರು ತಿಂಗಳ ನೋಟಿಸ್ ಇಲ್ಲಿ ಸಾಮಾನ್ಯ. ಎಲ್ಲವೂ ಒಬ್ಬನ ತಲೆಯಲ್ಲಿದ್ದ ಪ್ರಾಜೆಕ್ಟ್‌ನಲ್ಲಿ ಆತ ರಾಜೀನಾಮೆ ಕೊಟ್ಟ ದಿನದಿಂದ ‘ಕೆಟಿ’ ಎಂಬ ಹೆಸರಿನ ಜ್ಞಾನ ವರ್ಗಾವಣೆ ಆರಂಭವಾಗುತ್ತದೆ. ನಾಲ್ಕು ವರ್ಷಗಳ ತಿಳಿವಳಿಕೆಯನ್ನು, ಮನಸ್ಸು ಆಗಲೇ ಹೊಸ ಕಂಪನಿಗೆ ಹೋಗಿಬಿಟ್ಟಿರುವ ವ್ಯಕ್ತಿಯಿಂದ, ಹತ್ತಿಪ್ಪತ್ತು ಸಭೆಗಳಲ್ಲಿ ಹೊರತೆಗೆಯುವ ಈ ಕಸರತ್ತಿನ ಫಲ ಏನೆಂಬುದು ಅದರಲ್ಲಿ ಕುಳಿತವರಿಗೆಲ್ಲ ಗೊತ್ತು.

ನಿಭಾಯಿಸುವ ಬಗೆ

ಹಾಗಾದರೆ ಮ್ಯಾನೇಜರ್ ಮಾಡಬೇಕಾದುದೇನು? ಮೊದಲಿಗೆ, ದೂರು ನಿಜವೇ ಎಂದು ನೋಡಬೇಕು. ಚುರುಕಾದವರ ಬಗ್ಗೆ ಮತ್ಸರದ ದೂರುಗಳೂ ಬರುತ್ತವೆ. ಹೆಚ್ಚು ಮಾತಾಡುವುದು, ಗಟ್ಟಿ ಅಭಿಪ್ರಾಯ ಹೊಂದಿರುವುದು ತಪ್ಪಲ್ಲ. ನೋಡಬೇಕಾದ ಗುರುತುಗಳು ಬೇರೆ: ಅವರ ಕೋಡ್ ಪರಿಶೀಲನೆಯೇ ಇಲ್ಲದೆ ಒಳಹೋಗುತ್ತಿದೆಯೇ? ಅವರಿದ್ದ ಸಭೆಯಲ್ಲಿ ಕಿರಿಯರು ಬಾಯಿ ಬಿಡುತ್ತಾರೆಯೇ? ಅವರು ರಜೆ ಹಾಕಿದಾಗ ಕೆಲಸ ನಿಲ್ಲುತ್ತದೆಯೇ? ರಾತ್ರೋರಾತ್ರಿ ಅವರು ನಂದಿಸುವ ಬೆಂಕಿಗಳಲ್ಲಿ ಎಷ್ಟು ಅವರದೇ ಹಳೆಯ ಕೋಡ್‌ನಿಂದ ಹೊತ್ತಿಕೊಂಡವು? ಈ ಕೊನೆಯ ಪ್ರಶ್ನೆಯನ್ನು ಕೇಳಿದ ಮ್ಯಾನೇಜರ್‌ಗಳು ವಿರಳ. ಬೆಂಕಿ ನಂದಿಸಿದವನಿಗೆ ಬಹುಮಾನ ಸಿಗುತ್ತದೆ, ಬೆಂಕಿಯೇ ಬೀಳದಂತೆ ನೋಡಿಕೊಂಡವಳ ಹೆಸರು ಅಪ್ರೈಸಲ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ದೂರು ನಿಜವೆಂದಾದರೆ ಮಾತಾಡಲೇಬೇಕು. ಏಕಾಂತದಲ್ಲಿ, ಬೇಗ, ನಿರ್ದಿಷ್ಟವಾಗಿ. ‘ನಿಮ್ಮ ವರ್ತನೆ ಸರಿಯಿಲ್ಲ’ ಎಂಬ ಮಾತಿನಿಂದ ಏನೂ ಪ್ರಯೋಜನವಿಲ್ಲ, ಎದುರಿನವರು ಅದನ್ನು ಚಾಡಿಯೆಂದು ಭಾವಿಸುತ್ತಾರೆ. ‘ಮಂಗಳವಾರ ಅವರು ಬರೆದ ಭಾಗವನ್ನು ನೀವು ಅವರಿಗೆ ತಿಳಿಸದೆ ಬದಲಿಸಿದಿರಿ. ಅಂದಿನಿಂದ ಅವರು ಆ ಭಾಗವನ್ನು ಮುಟ್ಟುತ್ತಿಲ್ಲ. ಈಗ ಅದು ನಿಮ್ಮ ತಲೆಗೇ ಬಂದಿದೆ’ ಎಂದು ಹೇಳಿ ನೋಡಿ. ತರ್ಕಕ್ಕೆ ಮಣಿಯುವ ವ್ಯಕ್ತಿಗೆ ಕಾರ್ಯಕಾರಣ ತೋರಿಸಬೇಕು. ತಮ್ಮಿಂದ ಹೀಗಾಗುತ್ತಿದೆ ಎಂಬುದೇ ಗೊತ್ತಿಲ್ಲದವರು ಇಂಥವರಲ್ಲಿ ಅನೇಕರಿದ್ದಾರೆ. ವರ್ಷಾನುಗಟ್ಟಲೆ ಹೊಗಳಿಕೆ ಬಿಟ್ಟು ಬೇರೇನನ್ನೂ ಯಾರೂ ಅವರಿಗೆ ಹೇಳಿರುವುದಿಲ್ಲ.

ಮಾತಿನಷ್ಟೇ ಮುಖ್ಯವಾದುದು ಕೆಲಸದ ಕ್ರಮ. ಎಷ್ಟೇ ಹಿರಿಯರಿರಲಿ, ಇನ್ನೊಬ್ಬರು ನೋಡದ ಕೋಡ್ ಒಳಹೋಗಕೂಡದು. ವಿನ್ಯಾಸದ ಸಭೆಗೆ ಮುಂಚೆ ಎಲ್ಲರೂ ತಮ್ಮ ಅಭಿಪ್ರಾಯ ಬರೆದು ತರಲಿ, ಕಿರಿಯರಿಂದ ಮಾತು ಶುರುವಾಗಲಿ. ಬರವಣಿಗೆಯಲ್ಲಿ ದನಿ ಏರಿಸಲು ಬರುವುದಿಲ್ಲ (ಟೊರ್ವಾಲ್ಡ್ಸ್ ಮಾತು ಬೇರೆ). ರಾತ್ರಿ ಕರೆಗೆ ಓಗೊಡುವ ಸರದಿ ತಂಡದ ಎಲ್ಲರಿಗೂ ಬರಲಿ. ಕ್ಲೈಂಟ್ ಜೊತೆಗಿನ ಮಾತುಕತೆಗೆ ಪ್ರತಿಸಲವೂ ಇನ್ನೊಬ್ಬರು ಜೊತೆಗಿರಲಿ. ವರ್ಷಕ್ಕೊಮ್ಮೆ ಎರಡು ವಾರ, ಫೋನ್ ಬಂದ್ ಮಾಡಿಸಿ, ಅವರನ್ನು ರಜೆಯ ಮೇಲೆ ಕಳುಹಿಸಬೇಕು. ಆ ಎರಡು ವಾರಗಳಲ್ಲಿ ಏನೇನು ನಿಂತಿತೋ ಅದೇ ಮುಂದಿನ ಮೂರು ತಿಂಗಳ ಕೆಲಸದ ಪಟ್ಟಿ. ಇವೆಲ್ಲ ಆ ಒಬ್ಬರಿಗಾಗಿ ಮಾಡಿದ ನಿಯಮಗಳೆಂದು ಕಾಣಿಸಕೂಡದು. ಎಲ್ಲರಿಗೂ ಅನ್ವಯಿಸಬೇಕು, ಮೊಟ್ಟಮೊದಲು ಮ್ಯಾನೇಜರ್‌ಗೆ.

ಬಡ್ತಿಯ ವಿಚಾರದಲ್ಲಿ ನಮ್ಮಲ್ಲಿ ಆಗುವ ಎಡವಟ್ಟೊಂದಿದೆ. ಅತ್ಯುತ್ತಮ ಎಂಜಿನಿಯರ್‌ಗೆ ಸಂಬಳ ಹೆಚ್ಚಿಸುವ ಏಕೈಕ ದಾರಿಯೆಂದು ಆತನನ್ನು ಟೀಮ್ ಲೀಡ್ ಮಾಡುತ್ತಾರೆ. ಜನರನ್ನು ಕಂಡರಾಗದವನ ಕೈಗೆ ಹತ್ತು ಜನರನ್ನು ಒಪ್ಪಿಸಿದಂತಾಗುತ್ತದೆ. ಬದಲಿಗೆ ತಾಂತ್ರಿಕ ಹುದ್ದೆಗಳಲ್ಲಿಯೇ ಮೇಲೇರುವ ಏಣಿ ಇರಬೇಕು. ಐಬಿಎಂನಲ್ಲಿ ದೊಡ್ಡ ಯೋಜನೆಗಳನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ ತಮ್ಮ 1975ರ ಪುಸ್ತಕದಲ್ಲಿ, ಸಹೋದ್ಯೋಗಿ ಹಾರ್ಲನ್ ಮಿಲ್ಸ್ ಅವರ ಕಲ್ಪನೆಯೊಂದನ್ನು ವಿವರಿಸಿದ್ದರು. ಶಸ್ತ್ರಚಿಕಿತ್ಸೆಯ ತಂಡದಂತೆ ಒಬ್ಬ ಮುಖ್ಯ ಪ್ರೋಗ್ರಾಮರ್, ಸುತ್ತ ನೆರವಾಗುವ ಇತರರು. ಪ್ರತಿಭೆಯ ಪೂರ್ಣ ಬಳಕೆಗೆ ಅದೊಂದು ದಾರಿಯೇ. ಆದರೆ ಜನ ಮರೆಯುವ ಮಾತೊಂದಿದೆ: ಆ ತಂಡದಲ್ಲಿ ಎರಡನೆಯವರೊಬ್ಬರು ಇರುತ್ತಾರೆ, ಅವರಿಗೆ ಕೋಡ್‌ನ ಪ್ರತಿ ಸಾಲೂ ಗೊತ್ತಿರುತ್ತದೆ, ಮುಖ್ಯಸ್ಥರನ್ನು ಪ್ರಶ್ನಿಸುವುದು ಅವರ ಕರ್ತವ್ಯಗಳಲ್ಲೊಂದು.

ಆ ಮುಖ್ಯ ವ್ಯಕ್ತಿಯ ಕಷ್ಟವನ್ನೂ ನೋಡಬೇಕು. ಎಲ್ಲರ ಹೊರೆ ಹೊತ್ತವರು ಸಿಡುಕುವುದು ಸಹಜ. ಅನೇಕ ಕಂಪನಿಗಳು ಇವರನ್ನು ಮೂರು ಪ್ರಾಜೆಕ್ಟ್‌ಗಳಿಗೆ ಹಂಚಿ ಹಿಂಡಿ ಹಿಪ್ಪೆ ಮಾಡಿ, ಆಮೇಲೆ ಸೌಜನ್ಯದ ತರಬೇತಿಗೆ ಕಳುಹಿಸುತ್ತವೆ. ನಿಜಕ್ಕೂ ಕಠಿಣವಾದ ಒಂದು ಸಮಸ್ಯೆಯನ್ನು ಕೊಟ್ಟು, ಉಳಿದ ಸಣ್ಣಪುಟ್ಟ ಕೆಲಸಗಳಿಂದ ಬಿಡುಗಡೆ ಮಾಡಿದರೆ ಅರ್ಧ ಸಿಡುಕು ತಾನಾಗಿ ಇಳಿಯುತ್ತದೆ.

ಇಷ್ಟಾದರೂ ಬದಲಾಗದಿದ್ದರೆ?

ಬದಲಾಗದವರೂ ಇದ್ದಾರೆ. ಅಮೆರಿಕದ ನೆಟ್‌ಫ್ಲಿಕ್ಸ್ ಕಂಪನಿ 2009ರಲ್ಲಿ ಪ್ರಕಟಿಸಿದ ತನ್ನ ಕಾರ್ಯಸಂಸ್ಕೃತಿಯ ದಾಖಲೆಯಲ್ಲಿ, ಒರಟುತನದ ಪ್ರತಿಭಾವಂತರಿಗೆ ತಮ್ಮಲ್ಲಿ ಜಾಗವಿಲ್ಲ, ತಂಡ ತೆರುವ ಬೆಲೆ ಅತಿಯಾಯಿತು ಎಂದು ಘೋಷಿಸಿತ್ತು. ಘೋಷಿಸುವುದು ಸುಲಭ. ಮಾಡಿ ತೋರಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಮತ್ತೆ ಲಿನಕ್ಸ್‌ನತ್ತಲೇ ನೋಡಬೇಕು. ಈ ಬಾರಿ ಟೊರ್ವಾಲ್ಡ್ಸ್ ಇದ್ದದ್ದು ಮ್ಯಾನೇಜರ್ ಕುರ್ಚಿಯಲ್ಲಿ.

‘ಬಿಕ್ಯಾಶ್‌ಎಫ್‌ಎಸ್’ ಎಂಬುದು ಕಂಪ್ಯೂಟರ್‌ನ ಡಿಸ್ಕ್‌ನಲ್ಲಿ ಮಾಹಿತಿಯನ್ನು ಜೋಡಿಸಿಡುವ ಫೈಲ್ ಸಿಸ್ಟಂ. ಬಹುಪಾಲು ಒಬ್ಬರೇ ಎಂಜಿನಿಯರ್ ವರ್ಷಗಟ್ಟಲೆ ದುಡಿದು ಕಟ್ಟಿದ್ದು. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿರಲಿಲ್ಲ. 6.7ನೇ ಆವೃತ್ತಿಯೊಂದಿಗೆ 2024ರ ಜನವರಿಯಲ್ಲಿ ಅದು ಕರ್ನಲ್‌ನ ಭಾಗವಾಗಿ ಜನರ ಕೈಸೇರಿತು. ಅಲ್ಲಿಂದ ಶುರುವಾಯಿತು ತಿಕ್ಕಾಟ. ಪ್ರತಿ ಆವೃತ್ತಿಯ ಕೊನೆಯ ವಾರಗಳಲ್ಲಿ ತಪ್ಪು ತಿದ್ದುಪಡಿಗಷ್ಟೇ ಅವಕಾಶ, ಹೊಸದೇನನ್ನೂ ಸೇರಿಸುವಂತಿಲ್ಲ ಎಂಬುದು ಕರ್ನಲ್‌ನ ಕ್ರಮ. ಬಳಕೆದಾರರ ಮಾಹಿತಿ ಉಳಿಸಲು ಇದು ಈಗಲೇ ಬೇಕು ಎಂದು ಆ ಎಂಜಿನಿಯರ್ ಮತ್ತೆ ಮತ್ತೆ ದೊಡ್ಡ ಬದಲಾವಣೆಗಳನ್ನು ಕಳುಹಿಸಿದರು. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಮಾಹಿತಿ ಕಳೆದುಕೊಂಡವರ ಸಂಕಟ ಎದುರಿಸಬೇಕಾದವರು ಅವರೇ. ಆದರೆ ಆ ನಿಯಮ ಉಳಿದ ಸಾವಿರಾರು ಮಂದಿಗೂ ಇತ್ತು.

2024ರ ನವೆಂಬರ್‌ನಲ್ಲಿ, ಇನ್ನೊಬ್ಬ ಡೆವಲಪರ್ ಕುರಿತ ನಿಂದನೆಯ ಬರಹಕ್ಕಾಗಿ, 2018ರಲ್ಲಿ ಬಂದ ಅದೇ ನಡಾವಳಿ ಸಂಹಿತೆಯ ಅಡಿಯಲ್ಲಿ 6.13ನೇ ಆವೃತ್ತಿಯ ಅವಧಿಗೆ ಅವರ ಭಾಗವಹಿಸುವಿಕೆಯನ್ನು ನಿರ್ಬಂಧಿಸಲಾಯಿತು. ನಿರ್ಬಂಧ ಮುಗಿದ ಮೇಲೆ ಅವರು ಮರಳಿದರು, ತಿಕ್ಕಾಟವೂ ಮರಳಿತು. 2025ರ ಜೂನ್‌ನಲ್ಲಿ ಟೊರ್ವಾಲ್ಡ್ಸ್ ಅವರ ಬದಲಾವಣೆಗಳನ್ನು ಸ್ವೀಕರಿಸುತ್ತಲೇ, ಮುಂದಿನ ಆವೃತ್ತಿಯಲ್ಲಿ ದಾರಿಗಳು ಬೇರೆಯಾಗಬಹುದೆಂದು ಸೂಚಿಸಿದರು. 6.17ರಲ್ಲಿ ಆ ಕೋಡ್‌ಗೆ ‘ಹೊರಗಿನ ನಿರ್ವಹಣೆ’ ಎಂಬ ಗುರುತು ಬಿತ್ತು. 6.18ರ ಕೆಲಸ ಆರಂಭವಾಗುತ್ತಿದ್ದಂತೆ, ಸೆಪ್ಟೆಂಬರ್ ಕೊನೆಯಲ್ಲಿ, ಅದನ್ನು ಕರ್ನಲ್‌ನಿಂದಲೇ ತೆಗೆಯಲಾಯಿತು.

ಸುಮಾರು ಎರಡು ವರ್ಷ ಹಿಡಿಯಿತು. ಮೊದಲು ಮಾತು, ನಂತರ ನಿರ್ಬಂಧ, ಮತ್ತೊಂದು ಅವಕಾಶ, ಎಚ್ಚರಿಕೆ, ಕೊನೆಗೆ ವಿದಾಯ. ನಷ್ಟ ಯಾರಿಗೂ ತಪ್ಪಲಿಲ್ಲ. ಭರವಸೆಯ ತಂತ್ರಾಂಶವೊಂದು ಕರ್ನಲ್‌ನಿಂದ ಹೊರಬಿತ್ತು, ಅದನ್ನು ನೆಚ್ಚಿಕೊಂಡಿದ್ದ ಬಳಕೆದಾರರು ಈಗ ಪ್ರತ್ಯೇಕವಾಗಿ ತಂದು ಸ್ಥಾಪಿಸಿಕೊಳ್ಳಬೇಕು. ಅದರ ಲೇಖಕರು ಕರ್ನಲ್‌ನ ಹೊರಗೆ ತಮ್ಮ ಕೆಲಸ ಮುಂದುವರಿಸಿದರು. 6.18ನೇ ಆವೃತ್ತಿ 2025 ಮುಗಿಯುವ ಮುನ್ನ ಎಂದಿನಂತೆ ಬಿಡುಗಡೆಯಾಯಿತು.